ಸಾಲ ಮಾಡದವನ ಸ್ಕೋರ್

ಹೊಲಿಗೆ ಯಂತ್ರ ರಿಪೇರಿ ನನ್ನ ಕೆಲಸ. ಪುತ್ತೂರಿನಲ್ಲಿ ಬಾಡಿಗೆಯ ಸಣ್ಣ ಅಂಗಡಿ ಇದ್ದರೂ ಹೆಚ್ಚಿನ ದುಡಿಮೆ ಹೊರಗೆಯೇ. ಸುಳ್ಯ, ಕಡಬ, ಯಾರಾದರೂ ಕರೆದರೆ ಕೊಲ್ಲಮೊಗ್ರುವಿನವರೆಗೂ ಸ್ಕೂಟರಿನಲ್ಲಿ ಯಂತ್ರ ಹೊತ್ತು ಇಪ್ಪತ್ತು ವರ್ಷ ಓಡಾಡಿದೆ. ಆಮೇಲೆ ಸೊಂಟ ಹೋಯಿತು. ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿದೆ. ಹೊರಡುವಾಗ ಡಾಕ್ಟರು, "ಇನ್ನು ಸ್ಕೂಟರ್ ಬೇಡ" ಎಂದರು.

ಎರಡು ವರ್ಷ ಬಸ್ಸಿನಲ್ಲಿ ಹೋದೆ. ಯಂತ್ರವನ್ನು ಗೋಣಿಯಲ್ಲಿ ಕಟ್ಟಿ ಹತ್ತಿಸುವಷ್ಟರಲ್ಲಿ ಬೆವರಿಳಿಯುತ್ತಿತ್ತು. ಕಂಡಕ್ಟರುಗಳು ಬೈಯುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದರು. ಕೊನೆಗೆ ನೆಲ್ಯಾಡಿಯ ರಬ್ಬರ್ ವ್ಯಾಪಾರಿಯೊಬ್ಬರ ಹಳೆಯ ಕಾರನ್ನು ನೋಡಿ ಬಂದೆ. ಹಿಂದಿನ ಸೀಟು ಮಡಚಿದರೆ ಎರಡು ಯಂತ್ರ ಹಿಡಿಯುತ್ತಿತ್ತು. ಸ್ಕೂಟರ್ ಮಾರಿದ್ದೂ ಸೇರಿ ಅರ್ಧ ಹಣ ಕೈಯಲ್ಲಿತ್ತು. ಉಳಿದದ್ದಕ್ಕೆ ಪುತ್ತೂರಿನ ಒಂದು ಬ್ಯಾಂಕಿಗೆ ಹೋದೆ.

ಅಲ್ಲಿನ ಅಧಿಕಾರಿ ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನ ಪ್ಯಾನ್ ನಂಬರ್ ಹಾಕಿ ಸ್ವಲ್ಪ ಹೊತ್ತು ಕಂಪ್ಯೂಟರ್ ನೋಡಿದರು.

"ನಿಮ್ಮ ಕ್ರೆಡಿಟ್ ಸ್ಕೋರ್ ಬರುದಿಲ್ಲ ಸರ್."

"ಕಡಿಮೆ ಉಂಟಾ?"

"ಕಡಿಮೆ ಅಲ್ಲ, ಇಲ್ಲವೇ ಇಲ್ಲ. ನೀವು ಎಲ್ಲಿಯೂ ಸಾಲ ತೆಗೊಳ್ಳಲಿಲ್ಲ ಅಲ್ವಾ?"

"ಇಲ್ಲ. ಅದು ಒಳ್ಳೆಯದಲ್ವಾ?"

"ನಿಮಗೆ ಒಳ್ಳೆಯದೇ. ಆದರೆ ಕೊಟ್ಟರೆ ನೀವು ಕಟ್ತೀರಿ ಅಂತ ನಮಗೆ ಗೊತ್ತಾಗುದು ಹೇಗೆ?"

ಒಂದು ರೂಪಾಯಿ ಸಾಲವಿಲ್ಲದ ಮನುಷ್ಯ ಎಂದು ನಾನೇ ಎಷ್ಟು ಕಡೆ ಹೇಳಿಕೊಂಡಿದ್ದೆ. ಸುಳ್ಯದ ಒಂದು ಬ್ಯಾಂಕಿನಲ್ಲೂ ಅದೇ ಮಾತು. ಕಡಬದ ಒಂದು ಫೈನಾನ್ಸಿನವರು ಕೊಡುತ್ತೇವೆಂದರು, ಬಡ್ಡಿ ಕೇಳಿ ಎದ್ದು ಬಂದೆ. ಪ್ರತಿ ಕಡೆಗೂ ಜೆರಾಕ್ಸ್, ಪ್ರತಿ ಕಡೆಗೂ ಫೋಟೋ. ಮೂರನೆಯ ವಾರಕ್ಕೆ ಕಾರೇ ಬೇಡ ಅನ್ನಿಸಿತ್ತು.

ಊಟ ಬಡಿಸುತ್ತಾ ಹೆಂಡತಿ ಕೇಳಿದಳು, "ನನ್ನ ಹೆಸರಲ್ಲಿ ನೋಡುವನಾ?"

"ನಿನಗೆ ಯಾರು ಕೊಡ್ತಾರೆ?"

"ಕೇಳಿ ನೋಡುದು. ಕೇಳಿದ್ರೆ ಎಂತ ಆಗ್ತದೆ?"

ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ವಾರಕ್ಕೊಮ್ಮೆ ಹೆಂಗಸರ ಸಂಘಕ್ಕೆ ಹೋಗುತ್ತಾಳೆ. ಅಲ್ಲಿ ಹರಟೆ ಬಿಟ್ಟು ಬೇರೇನಿದೆ ಎಂದು ನಾನು ಹಂಗಿಸುವುದಿತ್ತು. ಮರುದಿನ ಇಬ್ಬರೂ ಪುತ್ತೂರಿನ ಅದೇ ಬ್ಯಾಂಕಿಗೆ ಹೋದೆವು. ಆ ಅಧಿಕಾರಿ ಈ ಸಲ ಕಂಪ್ಯೂಟರ್ ನೋಡಿ ತಲೆ ಎತ್ತಿದರು.

"ನಿಮ್ಮದು ತುಂಬ ಒಳ್ಳೆ ಸ್ಕೋರ್ ಉಂಟು ಅಕ್ಕ. ಒಂದು ಕಂತೂ ತಪ್ಪಲಿಲ್ಲ."

ಸಾಲ ಅವಳ ಹೆಸರಿಗೆ, ಜೊತೆಗೆ ನನ್ನ ಸಹಿ ಎಂದು ತೀರ್ಮಾನವಾಯಿತು. ಮುದ್ರಿಸಿದ ವರದಿಯನ್ನು ಅವರು ಮೇಜಿನ ಮೇಲಿಟ್ಟರು. ಸಂಘದ ಮೂಲಕ ತೆಗೆದು ತೀರಿಸಿದ ಸಾಲಗಳು ನಾಲ್ಕು. ಗ್ರೈಂಡರ್ ಕೊಳ್ಳಲು ತೆಗೆದದ್ದು ಗೊತ್ತಿತ್ತು, ಅದು ಅವಳ ವ್ಯವಹಾರ ಎಂದು ಬಿಟ್ಟಿದ್ದೆ. ಕೊನೆಯದನ್ನು ತೆಗೆದ ತಾರೀಕು ನೋಡಿದೆ. ನಾನು ಆಸ್ಪತ್ರೆಯಲ್ಲಿ ಮಲಗಿದ್ದ ವಾರ.

ಆಸ್ಪತ್ರೆಯ ಬಿಲ್ಲನ್ನು ನನ್ನ ಉಳಿತಾಯದಿಂದ ಕಟ್ಟಿದ್ದೆಂದೇ ನಾನು ತಿಳಿದಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಕೇಳಿದೆ, "ಯಾಕೆ ಹೇಳಲಿಲ್ಲ?"

"ನಿಮ್ಮ ದುಡ್ಡು ಸಾಕಾಗಲಿಲ್ಲ. ಹೇಳಿದ್ರೆ ನೀವು ಅರ್ಧದಲ್ಲೇ ಎದ್ದು ಬರ್ತಿದ್ರಿ." ಬಸ್ಸಿನ ಬೋರ್ಡು ನೋಡುತ್ತಾ ಸೇರಿಸಿದಳು, "ಮತ್ತೆ ಹೇಳುವ ಅಂದ್ಕೊಂಡೆ. ನೀವು ಎಲ್ಲರ ಹತ್ರ ಸಾಲ ಇಲ್ಲ ಅಂತ ಹೇಳ್ತಾ ಇದ್ರಿ."

ಸಿಟ್ಟು ಬರಬಹುದಿತ್ತು, ಅದಕ್ಕೂ ತ್ರಾಣ ಇರಲಿಲ್ಲ. ಆ ಕಂತುಗಳನ್ನು ಅವಳು ಎಷ್ಟು ರವಿಕೆ ಹೊಲಿದು ಕಟ್ಟಿರಬಹುದು ಎಂದು ಲೆಕ್ಕ ಹಾಕಲು ಹೋಗಿ ನಡುವೆಯೇ ಬಿಟ್ಟೆ.

ಕಾರು ಬಂದು ಎಂಟು ತಿಂಗಳಾಯಿತು. ಆರ್‌ಸಿ ಅವಳ ಹೆಸರಿನಲ್ಲಿದೆ. ಕಂತು ಹೋಗುವ ಖಾತೆಗೆ ನಾಲ್ಕು ದಿನ ಮೊದಲೇ ಹಣ ಹಾಕುತ್ತೇನೆ. ತಡವಾದರೆ ಹಾಳಾಗುವುದು ಅವಳ ಸ್ಕೋರ್. ಅವಳು ಈಗಲೂ ಸಂಘಕ್ಕೆ ನಡೆದೇ ಹೋಗುತ್ತಾಳೆ. ಕಾರಿನಲ್ಲಿ ಬಿಡುತ್ತೇನೆ ಎಂದರೆ, "ಅಷ್ಟು ದೂರಕ್ಕೆ ಪೆಟ್ರೋಲ್ ಯಾಕೆ?" ಎನ್ನುತ್ತಾಳೆ.