ಚಹಾ ಕುಡಿದ ಬಿಳಿ ರೇಷ್ಮೆ

ಸಂಜೆ ನಾಲ್ಕು ನಲವತ್ತಕ್ಕೆ ತೊಮೆ ಬಿದಿರುಗೋಲಿನಿಂದ ಚಹಾದ ಹಂಡೆಯೊಳಗಿನ ರೇಷ್ಮೆಯನ್ನು ಎತ್ತುತ್ತಿದ್ದಳು. ಅರ್ಧ ಎತ್ತಿದ ಮೇಲೆ ನೇಯ್ಗೆಯಲ್ಲಿ ಕೊಕ್ಕರೆಗಳು ಕಂಡವು. ಇದು ಸಿನಿಮಾದ್ದಲ್ಲ, ಮಗಳ ಮದುವೆಯದು.

ಕ್ಯೋಟೋದ ಸಿನಿಮಾ ಸ್ಟುಡಿಯೋದಲ್ಲಿ ಅವಳು ಉಡುಪಿನ ಕೆಲಸಕ್ಕೆ ಸೇರಿ ಇಪ್ಪತ್ತಾರು ವರ್ಷವಾಗಿತ್ತು. ಕಪ್ಪು-ಬಿಳುಪಿನ ಚಿತ್ರಕ್ಕೆ ಅಚ್ಚ ಬಿಳಿ ಆಗಿಬರುವುದಿಲ್ಲ. ದೀಪ ಬಿದ್ದೊಡನೆ ಮಡಿಕೆ, ನೇಯ್ಗೆ ಎಲ್ಲ ಅಳಿಸಿಹೋಗುತ್ತವೆ. ಅದಕ್ಕೇ ಬಿಳಿಯೆಲ್ಲ ಮೊದಲು ಚಹಾಕ್ಕೆ. ಹೊಟ್ಟೆ ಸೀಳಿಕೊಂಡು ಸಾಯುವ ಸಮುರಾಯ್‌ನ ಬಿಳಿ ಬಟ್ಟೆ ಕಣ್ಣು ಕುಕ್ಕಬೇಕು: ನಾಲ್ಕು ನಿಮಿಷ. ಮದುಮಗಳು ಉಡುವ ಬಿಳಿ ಮೆತ್ತಗೆ ಕಾಣಬೇಕು: ಒಂಬತ್ತು. ಗಂಡ ಸತ್ತ ಮೇಲೆ ಅವಳಿಗೂ ಮಗಳು ಸತೊಯೆಗೂ ಅನ್ನ ಹಾಕಿದ್ದು ಈ ಹಂಡೆಯೇ. ಕಂದು ಬಣ್ಣಕ್ಕೆ ತಿರುಗಿದ ಉಗುರು ನೋಡಿ ಮೀನಿನಂಗಡಿಯವನು ಅವಳು ಸಿಗರೇಟು ಸೇದುತ್ತಾಳೆಂದೇ ನಂಬಿದ್ದ.

ಇವತ್ತು ನೆನೆಯಬೇಕಿದ್ದುದು ಸಮುರಾಯ್ ಬಟ್ಟೆ. ಬಿಡುವಿನಲ್ಲಿ ಹೊಲಿಯಲೆಂದು ತಂದ ಮಗಳ ರೇಷ್ಮೆಯೂ ಪಕ್ಕದಲ್ಲೇ ಇತ್ತು. ಬೆಳಗಿನಿಂದ ದಣಿದ ಕೈ ಬಿಳಿ ಕಂಡಿತು, ಅದ್ದಿತು. ಮದುವೆ ಭಾನುವಾರ. ಇನ್ನೊಂದು ರೇಷ್ಮೆ ಕೊಳ್ಳುವ ಶಕ್ತಿಯಿಲ್ಲ.

ಅಳತೆ ಕೊಡಲು ಬಂದ ಸತೊಯೆ ಬಾಗಿಲಲ್ಲೇ ನಿಂತಳು.

"ಅಮ್ಮಾ, ಅದು ನಂದಲ್ವಾ?"

"ನಿಂದೇ ಕಣೇ."

"ಸರಿಹೋಯ್ತು! ಸಾಯೋರ ಬಟ್ಟೆ ಅದ್ದೋ ನೀರು. ನಮ್ಮತ್ತೆ ಏನಂತಾರೆ?"

ತೊಮೆ ರೇಷ್ಮೆಯನ್ನು ಪೂರ್ತಿ ಎತ್ತಿ ಅದರ ಒಂದು ತುದಿ ಹಿಡಿದಳು.

"ಏನು ತೊಮೆ ಅಕ್ಕ, ಮದುವೆನೂ ಸಿನಿಮಾ ಮಾಡಿಬಿಟ್ಯಾ? ಅಳಿಯನಿಗೂ ಮೇಕಪ್ ಹಾಕಿಸ್ತೀಯೋ?" ಎಂದ, ಅಲ್ಲೇ ಶೂಟಿಂಗಿನ ದೀಪ ಸರಿಮಾಡುತ್ತಿದ್ದ ರೊಕುಸುಕೆ. ಯಾರೂ ನಗಲಿಲ್ಲ. ಅವನು ಕೊರಳಲ್ಲಿ ನೇತಾಡುತ್ತಿದ್ದ ಕಂದು ಗಾಜನ್ನು ಸತೊಯೆಗೆ ಕೊಟ್ಟ. ಬಣ್ಣ ಕಳೆದು ಬರಿಯ ನೆರಳು-ಬೆಳಕು ತೋರಿಸುವ ಗಾಜು ಅದು. "ನೋಡಮ್ಮ ಇದರಲ್ಲಿ."

ಅವನು ಹೊತ್ತಿಸಿದ ದೀಪದಡಿ, ಗಾಜಿನೊಳಗೆ, ಇನ್ನೂ ಅದ್ದದ ಸಮುರಾಯ್ ಬಟ್ಟೆ ಪರದೆಗೆ ಬಿದ್ದ ತೂತಿನಂತೆ ಉರಿಯಿತು. ಒದ್ದೆ ರೇಷ್ಮೆಯಲ್ಲಿ ಕೊಕ್ಕರೆಗಳ ಒಂದೊಂದು ಗರಿಯೂ ಕಂಡಿತು. ಗಾಜು ಇಳಿಸಿದರೆ ಮತ್ತದೇ ಚಹಾ ಬಣ್ಣ.

"ಮದುವೆಗೆ ಬಂದೋರಿಗೆಲ್ಲ ಈ ಗಾಜು ಹಂಚೋಕಾಗುತ್ತಾ ಮಾಮ?"

ಆದರೂ ಅವಳು ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದಳು. ಹಿಂಡುವ ಮೊದಲು ಕೇಳಿದಳು:

"ಅಮ್ಮಾ, ಇದನ್ನ ನಾನು ಉಡ್ಬೇಕು ಅಂದ್ರೆ ಒಂದು ನಿಜ ಹೇಳು. ಎಷ್ಟು ಹೊತ್ತು ಇಟ್ಟಿದ್ದೆ?"

ತೊಮೆ ತನ್ನ ಕೈಗಳನ್ನು ನೋಡಿಕೊಂಡಳು.

"ನಿಂದು ಅಂತ ನಂಗೆ ಗೊತ್ತಾಗ್ಲಿಲ್ಲ ಕಣೇ. ಕೈಗೆ ಗೊತ್ತಾಗಿತ್ತೇನೋ. ಸಮುರಾಯ್ ಬಟ್ಟೆಗೆ ನಾಲ್ಕೇ ಸಾಕಿತ್ತು, ಇದನ್ನ ಮದುಮಗಳದರ ಹಾಗೆ ಇಟ್ಟಿದ್ದೆ. ಒಂಬತ್ತು ನಿಮಿಷ."