ನಕ್ಷೆ ಸಮೇತ ಒಂದು ಅರ್ಜಿ

ಕೆಂಗೇರಿ ಉಪನಗರದಲ್ಲಿ ಪಂಕಜಾ ಟೀಚರ್ ಬರೆದ ಅರ್ಜಿ ಎಂದರೆ ಒಂದು ತೂಕವಿತ್ತು. ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ಕೈ. ಒಂದು ಕಾಗುಣಿತ ತಪ್ಪಿಲ್ಲ, ಜೊತೆಗೆ ಸ್ಕೇಲಿಟ್ಟು ಬರೆದ ನಕ್ಷೆ. ಇಂಥ ಅರ್ಜಿಗಳನ್ನು ಅವರು ಹನ್ನೊಂದು ವರ್ಷ ಒಂದೇ ಕೆಲಸಕ್ಕಾಗಿ ಬರೆದರು: ರೈಲ್ವೆ ಗೇಟು ತೆಗೆದು ಸೇತುವೆ ಕಟ್ಟಿಕೊಡಿ.

ಎದೆ ಹಿಡಿದುಕೊಂಡ ಗಂಡ ಮುರಳೀಕೃಷ್ಣ ಆಟೊದಲ್ಲಿ ಅವರ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಾಗ ಆ ಗೇಟು ಬಿದ್ದಿತ್ತು. ಗೂಡ್ಸ್ ಹೋದರೂ ಏಳಲಿಲ್ಲ. ಹಿಂದೆಯೇ ಇನ್ನೊಂದು ರೈಲು. ಗೇಟು ಎದ್ದಾಗ ಆಸ್ಪತ್ರೆಗೆ ಹೋಗುವ ಅವಸರವೇ ಉಳಿದಿರಲಿಲ್ಲ. ಅಂದು ತಲೆಯ ಮೇಲಿನ ಬುಟ್ಟಿ ಇಳಿಸಿ, ಮುರಳೀಕೃಷ್ಣರ ಬಾಯಿಗೆ ಕೊನೆಯ ಗುಟುಕು ನೀರು ಬಿಟ್ಟವಳು ಶಿವಕ್ಕ. ಹಳಿಯಾಚೆಯ ಹಳ್ಳಿಯವಳು, ದಿನಾ ಗೇಟು ದಾಟಿ ಬಂದು ಈಚೆಯ ಬಡಾವಣೆಯಲ್ಲಿ ಸೊಪ್ಪು ಮಾರುವವಳು. ಟೀಚರ್ ಅವಳಿಗೆ ರುಜು ಹಾಕುವುದನ್ನು ಕಲಿಸಿದರು. ಮೊದಲ ಅರ್ಜಿಯ ಮೊದಲ ರುಜು ಅವಳದೇ.

ಕೊನೆಗೂ ಸೇತುವೆ ಬಂತು. ಉದ್ಘಾಟನೆಯಲ್ಲಿ ಟೀಚರ್ ಹೆಸರನ್ನು ಯಾರೂ ಎತ್ತಲಿಲ್ಲ. ಹೋಗಲಿ ಬಿಡಿ, ಹಾರ ತುರಾಯಿಗೆಂದೇ ಹುಟ್ಟಿದವರು ಬೇರೆ ಇರುತ್ತಾರೆ. ಆದರೆ ಆ ಸೇತುವೆ ಕಟ್ಟಿದ ಪುಣ್ಯಾತ್ಮರಿಗೆ ಮನುಷ್ಯರು ನಡೆದೂ ಓಡಾಡುತ್ತಾರೆಂಬ ಪರಿಜ್ಞಾನವೇ ಇರಲಿಲ್ಲ. ಫುಟ್‌ಪಾತಿಲ್ಲ, ಮೆಟ್ಟಿಲಿಲ್ಲ. ಗೇಟಿದ್ದ ಜಾಗದಲ್ಲಿ ಆಳೆತ್ತರದ ಗೋಡೆ. ಸ್ಟೇಷನ್ನು ಗಾಜು, ಗ್ರಾನೈಟು ಹಾಕಿಸಿಕೊಂಡು ಹೊಸದಾಗಿ ನಿಂತಿತು. ಅದರ ಬಾಗಿಲೂ ಈಚೆಗೆ ಮಾತ್ರ.

ಒಂದು ತಿಂಗಳು ಶಿವಕ್ಕನ ಸುಳಿವಿಲ್ಲ. ಆಮೇಲೊಂದು ಬೆಳಿಗ್ಗೆ ಬುಟ್ಟಿ ಹೊತ್ತು ಬಾಗಿಲಲ್ಲಿ ನಿಂತಳು.

"ಹೇಗೆ ಬಂದೆ ಶಿವಕ್ಕ?"

"ಗೋಡೆ ಒಂದ್ಕಡೆ ಒಡ್ದವ್ರೆ ಟೀಚರಮ್ಮ. ನುಸುಳ್ಕೊಂಡು, ಹಳಿ ದಾಟ್ಕೊಂಡ್ ಬಂದೆ."

ಟೀಚರ್ ಮರುದಿನವೇ ಹೋಗಿ ನೋಡಿದರು. ಬುಟ್ಟಿ ಹೊತ್ತ ಹೆಂಗಸರು, ಸ್ಕೂಲಿನ ಹುಡುಗಿಯರು, ಎಲ್ಲರೂ ಆ ಕಿಂಡಿಯಲ್ಲೇ ದಾಟುತ್ತಿದ್ದರು. ಅಂದೇ ಅರ್ಜಿ ಬರೆದರು: 'ಜನ ಪ್ರಾಣ ಕೈಯಲ್ಲಿ ಹಿಡಿದು ದಾಟುತ್ತಿದ್ದಾರೆ, ದಯವಿಟ್ಟು ಮೆಟ್ಟಿಲು ಕಟ್ಟಿಸಿಕೊಡಿ.' ಕಿಂಡಿ ಯಾವ ಕಂಬದ ಬಳಿ ಇದೆ, ಎಷ್ಟು ಅಗಲವಿದೆ, ಒಂದನ್ನೂ ಬಿಡಲಿಲ್ಲ. ನಕ್ಷೆಯಲ್ಲಿ ಕೆಂಪು ಶಾಯಿಯಿಂದ ಅದನ್ನು ಗುರುತಿಸಿದರು.

ಹನ್ನೊಂದು ವರ್ಷ ಕಾಯಿಸಿದ ಕಚೇರಿ ಒಂಬತ್ತೇ ದಿನಕ್ಕೆ ಉತ್ತರ ಕೊಟ್ಟಿತು. 'ತಮ್ಮ ಮಾಹಿತಿಗೆ ಧನ್ಯವಾದಗಳು. ಸದರಿ ಅಕ್ರಮ ದಾರಿಯನ್ನು ಮುಚ್ಚಲಾಗಿದೆ.'

ಟೀಚರ್ ಕಾಗದ ಹಿಡಿದುಕೊಂಡೇ ಓಡಿದರು. ಕಿಂಡಿಯಿದ್ದಲ್ಲಿ ಹಸಿ ಸಿಮೆಂಟು. ಆಚೆಯಿಂದ ಹೆಂಗಸರ ಮಾತು ಕೇಳುತ್ತಿತ್ತು.

"ಶಿವಕ್ಕಾ! ಇದೀಯೇನೇ?"

ಆಚೆ ಮಾತು ನಿಂತಿತು. "ಇವ್ನಿ ಟೀಚರಮ್ಮ."

"ನಾನು ಮೆಟ್ಟಿಲು ಕೇಳಿದ್ದೆ ಕಣೇ..."

"ಗಾರೆಯವ್ರ ಕೈಲಿ ನಕ್ಷೆ ಇತ್ತು. ನಿಮ್ ಬರವಣಿಗೆ ನಂಗೊತ್ತಿಲ್ವಾ?"

"ಇನ್ನೊಂದು ಅರ್ಜಿ ಬರೀತೀನಿ ಶಿವಕ್ಕ, ಇವತ್ತೇ ಬರೀತೀನಿ."

"ಬ್ಯಾಡಿ ಟೀಚರಮ್ಮ. ನಿಮ್ ದಮ್ಮಯ್ಯ ಅಂತೀನಿ, ಇನ್ನೇನೂ ಬರೀಬ್ಯಾಡಿ."