ಗೇಟಿನ ಬೋರ್ಡು ಸುಟ್ಟ ಕತಿ

ಗೆಳೆಯರೇ, ಮಂದಿ ಬಂದು ಕಾಡು ನೋಡಲಿ, ಅದರಿಂದ ಕಾಡೂ ಉಳಿಯಲಿ ಅಂತ ನಮ್ಮೂರಾಗ ಪ್ರವಾಸಿ ಸಂಘ ಕಟ್ಟಿದ ಶಾಣ್ಯಾ ಯಾರು? ನಾನ! ಇವತ್ತು ಸಂಜಿಕ ಹುಬ್ಬಳ್ಳಿಯಿಂದ ಬಂದವರು, ಸುತ್ತ ಕುಣಿಯಾಕ ಬೆಂಕಿ ಬೇಕಂದ್ರು. ನಮ್ಮ ಕಾರ್ಯದರ್ಶಿ ಅಡಗಿ ಮಾಡೋ ಗಂಗವ್ವಗ, "ಕಾಡಿಗೆ ಹೋಗಿ ಒಂದು ಹೊರಿ ಕಟಗಿ ತಗೊಂಡ ಬಾ" ಅಂದ.

ಗಂಗವ್ವ ನನ್ನ ಕಡೆ ತಿರುಗಿದಳು. "ಕಾಕಾ, ಹ್ವಾದ ವಾರ ನನ್ನ ಒಲಿಗೆ ತಂದ ಕಟಗಿ ಕಸ್ಕೊಂಡ್ರಿ. ಕಾಡು ಹಾಳಾಕ್ಕೈತಿ ಅಂದ್ರಿ. ಇವರು ಸುಟ್ಟರ ಹಾಳಾಗೂದಿಲ್ಲೇನ್ರಿ?"

ನಾನು ಗೇಟಿನ 'ಕಾಡು ಉಳಿಸಿ' ಅನ್ನೋ ಕಟಗಿ ಬೋರ್ಡು ಕಿತ್ತು ತಂದು, "ಇದನ್ನ ಸುಡ್ರಿ" ಅಂದೆ. ಹುಬ್ಬಳ್ಳಿ ಮಂದಿಗೆ ನಾಚಿಕಿ ಆದೀತು ಅಂತ ತಿಳಿದಿದ್ದೆ. ಅವರು ಬೋರ್ಡಿನ ಜೋಡಿ ಸೆಲ್ಫಿ ತಗೊಂಡು, ಆಮ್ಯಾಲೆ ಸುಟ್ಟ ಬಿಟ್ರು.

ಭಾಳ ಛಲೋ ಉರೀತ್ರಿ. ಆ ಬೋರ್ಡಿಗೆ ಕಟಗಿ ಆರಿಸಿ ತಂದವ ನಾನ ಅಲ್ಲೇನು!